ಅಕ್ಷರಾನುಕ್ರಮ

ಪರದೆಯ ನಡುವೆ ದಿಢೀರನೆ ಎದ್ದ ಚೌಕ ಅವನನ್ನು ಏನೋ ಕೇಳುತ್ತಿತ್ತು. ಆಯ್ಕೆಯನ್ನು ಪಕ್ಕದ ಕಾಲಮ್ಮುಗಳಿಗೂ ವಿಸ್ತರಿಸಲೇ, ಇಲ್ಲಾ ಇಷ್ಟಕ್ಕೇ ಮುಂದುವರಿಯಲೇ? ವಿಶ್ವಾರಾಧ್ಯನಿಗೆ ರೇಗಿತು. ತಲೆ ನರೆಯುವ ತನಕ ಇತಿಹಾಸ ಪಾಠ ಮಾಡಿದವನನ್ನು ಒಂದು ಯಂತ್ರ ಹೀಗೆ ನಿಲ್ಲಿಸಿ ಪ್ರಶ್ನೆ ಕೇಳುವುದೆಂದರೆ!

ಕೇಳಿ ತಿಳಿದುಕೊಳ್ಳಬಹುದಿತ್ತು. ಆಕರ್ಷ ಎರಡು ಕುರ್ಚಿಯಾಚೆಯೇ ನಿಂತಿದ್ದ. ಕಾಮರ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ; ಹಿರಿಯ ಅಧ್ಯಾಪಕರಿಗೆ ಎಕ್ಸೆಲ್‌ನ ಓನಾಮ ಕಲಿಸಲು ಪ್ರಿನ್ಸಿಪಾಲರು ನೇಮಿಸಿದ್ದ ಗುರು. ಬೆಳಗಿನಿಂದ ಅವನು 'ಅಲ್ಲ ಸರ್, ಅದಲ್ಲ ಸರ್' ಎನ್ನುತ್ತ ವಿಶ್ವಾರಾಧ್ಯನ ಕೈಯ ಮೇಲೇ ಕೈಯಿಟ್ಟು ಮೌಸನ್ನು ಎಳೆದಾಡಿದ್ದ. ಬೆಚ್ಚಗಿನ, ಸಹನೆಯ ಕೈ. ಇನ್ನೊಮ್ಮೆ ಅದು ತನ್ನ ಕೈಯನ್ನು ಮುಟ್ಟುವುದು ಬೇಡವಾಗಿತ್ತು.

ನಿನ್ನೆ ಪ್ರಿನ್ಸಿಪಾಲ್ ಪ್ರಭುದೇವ ನಗುನಗುತ್ತಲೇ ಹೇಳಿದ್ದರು: "ಇಂಟರ್ನಲ್ ಮಾರ್ಕ್ಸ್ ಇನ್ಮೇಲೆ ಎಲ್ಲಾ ಶೀಟಲ್ಲೇ ಸರ್. ಕಷ್ಟ ಆದ್ರೆ ಹೇಳಿ, ಆಕರ್ಷಂಗೆ ಕೊಟ್ಬಿಡೋಣ." ಕೊಟ್ಟುಬಿಟ್ಟರೆ ಆ ಕೆಲಸದ ಜೊತೆಗೆ ಅದಕ್ಕೆಂದೇ ಅವನಿಗೆ ಬಿಟ್ಟುಕೊಟ್ಟಿದ್ದ ಮಹಡಿಯ ಕೋಣೆಯೂ ಹೋಗುತ್ತಿತ್ತು. ಚಾಮರಾಜಪೇಟೆಯ ಈ ಹಳೇ ಕಟ್ಟಡದಲ್ಲಿ ಯಾರಾದರೂ ವಿಶ್ವಾರಾಧ್ಯನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಆ ಕೋಣೆಗೆ ಮಾತ್ರ.

ವಿಸ್ತರಿಸುವುದು ಅವನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಹೆಸರುಗಳು ಅಕ್ಷರಾನುಕ್ರಮದಲ್ಲಿ ಬಂದರೆ ಸಾಕು. ಪಕ್ಕದವರ ಉಸಾಬರಿ ಯಾಕೆ? ಎರಡನೆಯದನ್ನು ಒತ್ತಿದ. ಹೆಸರುಗಳೆಲ್ಲ ಕಣ್ಣುಮಿಟುಕಿಸುವಷ್ಟರಲ್ಲಿ ಸಾಲಾಗಿ ನಿಂತವು. ಎಷ್ಟೋ ದಿನಗಳ ಮೇಲೆ ಅವನಿಗೆ ಖುಷಿಯಾಯಿತು.

"ಸೇವ್ ಮಾಡಿ, ಕ್ಲೋಸ್ ಮಾಡಿ ಸರ್. ಕಾಫಿ ಬಂದಿದೆ," ಎಂದ ಆಕರ್ಷ. ಮಾಡಿದ.

ಕಾಫಿ ಮುಗಿಸಿ ಬಂದು ಮತ್ತೆ ತೆರೆದಾಗ ಪ್ರಭುದೇವ ಬೆನ್ನ ಹಿಂದೆಯೇ ನಿಂತಿದ್ದರು. "ಪರವಾಗಿಲ್ವೇ, ಎಷ್ಟು ನೀಟಾಗಿದೆ! ಸಂಜೆಯೊಳಗೆ ಮೇಲ್ ಮಾಡ್ಬಿಡಿ ಸರ್, ಯೂನಿವರ್ಸಿಟಿಗೆ ಇವತ್ತೇ ಹೋಗ್ಬೇಕು."

"ಮಾಡ್ತೀನಿ," ಎಂದ ವಿಶ್ವಾರಾಧ್ಯ. ಅವರು ಅತ್ತ ಹೋದ ಮೇಲೆ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಕೈಲಾಸ್, ಇಪ್ಪತ್ತಕ್ಕೆ ಹತ್ತೊಂಬತ್ತು. ಕೈಲಾಸ್ ಟೆಸ್ಟ್ ಬರೆದೇ ಇರಲಿಲ್ಲ. ಅವನ ಮುಂದೆ 'ಗೈರು' ಎಂದು ತಾನೇ ಹಾಕಿದ್ದ. ಆ ಗೈರು ಈಗ ಪ್ರಿಯಂವದಾಳ ಪಾಲಿಗೆ ಬಂದಿತ್ತು. ಮೊದಲ ಬೆಂಚಿನ ಹುಡುಗಿ ಅವಳು, ಎಲ್ಲರಿಗಿಂತ ಚೆನ್ನಾಗಿ ಬರೆದವಳು.

ಅಂಕಗಳು ಇದ್ದಲ್ಲೇ ಇದ್ದವು. ಹೆಸರುಗಳು ಮಾತ್ರ ಎದ್ದು ಬೇರೆಯವರ ಜಾಗದಲ್ಲಿ ಕೂತಿದ್ದವು.

ಕಟ್ಟಿನಿಂದ ಕೈಗೆ ಸಿಕ್ಕ ಉತ್ತರಪತ್ರಿಕೆಯ ಹೆಸರು, ಅಂಕಗಳನ್ನು ಸಿಕ್ಕ ಹಾಗೇ ಒಂದೇ ಬೆರಳಿನಲ್ಲಿ ಕುಟ್ಟಿ ಹಾಕಿದ್ದ; ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಕ್ರಮಸಂಖ್ಯೆ ಆಮೇಲೆ ಸೇರಿಸಿದರಾಯಿತು ಎಂದುಕೊಂಡಿದ್ದ. ಪತ್ರಿಕೆಗಳು ಆಗಲೇ ಮಕ್ಕಳ ಕೈ ಸೇರಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಆಕರ್ಷ, ಸೇವ್ ಮಾಡಿ ಮುಚ್ಚಿದ್ಮೇಲೆ... ಮೊದಲಿದ್ದ ಹಾಗೆ ಬರತ್ತಾ?"

"ಇದ್ರಲ್ಲಿ ಬರಲ್ಲ ಸರ್. ಯಾಕೆ, ಏನಾಯ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

"ತೋರ್ಸಿ ಸರ್, ನೋಡೋಣ."

"ಬೇಡ ಬಿಡಪ್ಪ. ಎಲ್ಲಾ ಸರಿಯಾಗಿದೆ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನೆನಪಿನಿಂದಲೇ ಸರಿಮಾಡುತ್ತೇನೆ ಎಂದು ಮಹಡಿಯ ಕೋಣೆಗೆ ಹೋಗಿ ಕೂತ. ಜ್ಯೋತಿಲಕ್ಷ್ಮಿ. ಯಾರು? ಮಾನ್ಯ. ಹುಡುಗನೋ ಹುಡುಗಿಯೋ? ಹೆಸರಿನಿಂದ ಹೆಸರಿಗೆ ಇಳಿಯುತ್ತ ಹೋದ. ಒಂದಕ್ಕೂ ಮುಖವಿರಲಿಲ್ಲ. ಮೇಜಿಗೆ ಗುದ್ದಿದ, ಕೈ ನೋಯಿತು ಅಷ್ಟೆ. ಸಿಟ್ಟು ಯಾರ ಮೇಲೆ ಎಂಬುದೂ ಅವನಿಗೆ ಸ್ಪಷ್ಟವಿರಲಿಲ್ಲ.

ಮಧ್ಯಾಹ್ನದ ತರಗತಿಯಲ್ಲಿ ಹೇಳಬೇಕಾಗಿದ್ದದ್ದು ಒಂದೇ ಮಾತು: ಟೆಸ್ಟ್ ಪೇಪರ್ ಎಲ್ಲರೂ ವಾಪಸ್ ತನ್ನಿ, ನನ್ನಿಂದ ತಪ್ಪಾಗಿದೆ. ಮೆಟ್ಟಿಲುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದ. ಆದರೆ ಹೇಳಿದ ಕೂಡಲೇ ಅದು ಸ್ಟಾಫ್ ರೂಮು ತಲುಪುತ್ತದೆ, ಅಲ್ಲಿಂದ ಪ್ರಭುದೇವರ ನಗು ಮೇಲೆ ಬರುತ್ತದೆ.

ಮೊದಲು ಹಾಜರಿ ಕೂಗೋಣ ಎಂದುಕೊಂಡ. ಮುಖ ಕಂಡರೆ ಅಂಕವೂ ನೆನಪಾದೀತು. ಯಾವಾಗಲೂ ಪುಸ್ತಕದಲ್ಲೇ ಕಣ್ಣು ನೆಟ್ಟು ಕೂಗುವವನು ಇವತ್ತು ತಲೆಯೆತ್ತಿಕೊಂಡೇ ಶುರುಮಾಡಿದ.

ಅರ್ಧಕ್ಕರ್ಧ ಬೆಂಚುಗಳು ಖಾಲಿ. ಆದರೂ ಕರೆದ ಹೆಸರಿಗೆಲ್ಲ ಉತ್ತರ ಬರುತ್ತಿತ್ತು. ಕಿಟಕಿ ಪಕ್ಕದ ಹುಡುಗ ದನಿ ಬದಲಿಸಿ ಬದಲಿಸಿ ಮೂರು ಹೆಸರಿಗೆ ಬಾಯಿ ತೆರೆದ. ಅವನ ಮುಖದಲ್ಲಿ ಅಳುಕೇನೂ ಇರಲಿಲ್ಲ. ಮೇಷ್ಟ್ರು ತಲೆಯೆತ್ತಿ ನೋಡುವುದು ಅವನಿಗೆ ಅಭ್ಯಾಸವಿರಲಿಲ್ಲ.

"ಪ್ರಿಯಂವದಾ."

"ಪ್ರೆಸೆಂಟ್ ಸರ್," ಎಂದಿತು ಹಿಂದಿನ ಸಾಲು. ಮೊದಲ ಬೆಂಚಿನ ಹುಡುಗಿ ತುಟಿ ಬಿಚ್ಚಲಿಲ್ಲ. ಬಗ್ಗಿ ಏನೋ ಬರೆದುಕೊಳ್ಳುತ್ತಿದ್ದಳು. ಹಾಗಾದರೆ ಇಷ್ಟು ದಿನ ತಾನು ಯಾರನ್ನು ಪ್ರಿಯಂವದಾ ಎಂದುಕೊಂಡಿದ್ದೆ? ವಿಶ್ವಾರಾಧ್ಯನಿಗೆ ಈಗ ನಿಜವಾಗಿ ಭಯವಾಯಿತು.

"ನಿನ್ನ ಹೆಸರೇನಮ್ಮ?" ಎಂದು ಅವಳನ್ನು ಕೇಳಲು ಹೊರಟವನು ನುಂಗಿಕೊಂಡ. ವರ್ಷ ಮುಗಿಯುತ್ತ ಬಂದಿತ್ತು. ಈಗ ಕೇಳುವುದು ಹೇಗೆ?

"ಸರ್, ಇಂಟರ್ನಲ್ಸ್ ಹಾಕ್ಬಿಟ್ರಾ?" ಎಂದು ಯಾರೋ ಕೇಳಿದರು.

"ಹಾಕ್ತಿದೀನಿ."

"ಪೇಪರ್ ಇಟ್ಕೊಂಡಿರ್ಬೇಕಾ ಸರ್?"

ಜೇಬಿನಲ್ಲಿ ಫೋನು ನಡುಗಿತು, ಪ್ರಭುದೇವರೇ ಇರಬೇಕು. ಹೇಳಬೇಕಾದ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು.

"ಸುಮ್ನೆ ಕೂತ್ಕೊಳ್ರಿ," ಎಂದು ಗದರಿದ.

ಎದುರಿಗಿದ್ದ ಖಾಲಿ ಬೆಂಚನ್ನೇ ನೋಡುತ್ತ ಮುಂದಿನ ಹೆಸರು ಕರೆದ. ಎಲ್ಲಿಂದಲೋ ಒಂದು ದನಿ, "ಪ್ರೆಸೆಂಟ್ ಸರ್," ಎಂದಿತು. ವಿಶ್ವಾರಾಧ್ಯ ಬೆಂಚಿನಿಂದ ಕಣ್ಣು ತೆಗೆಯದೆ, ಕೈಯಂದಾಜಿನಲ್ಲೇ, ಹಾಜರಿ ಹಾಕಿಕೊಂಡ.