ಬೆಚ್ಚಗಿನ ಕಾಲುವೆ

ಎರಡು ಕಣ್ಣು, ಒಂದು ಮೂಗು ಮಾತ್ರ ನೀರಿನ ಮೇಲಿಟ್ಟು ಗಂಟೆಗಟ್ಟಲೆ ತೇಲುತ್ತಿದ್ದ ಆ ಮುದುಕಿಗೆ ದಡದ ಮಕ್ಕಳು ಮೊಸಳೆಯಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೇನೂ ಬೇಜಾರಿರಲಿಲ್ಲ. ಜೀವಮಾನವೆಲ್ಲ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಹಾಕಿ ಮಂಡಿ ಸವೆಸಿಕೊಂಡವಳು. ಮನೆಯಿಂದ ಕಾಲುವೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಆದರೆ ಆ ಬೆಚ್ಚಗಿನ ನೀರಿಗೆ ಇಳಿದಳೋ, ನೋವು ದಡದಲ್ಲೇ ಚಪ್ಪಲಿಯ ಜೊತೆ ಉಳಿದುಬಿಡುತ್ತಿತ್ತು. ದಿನದಲ್ಲಿ ಮಂಡಿಯ ನೆನಪಿಲ್ಲದೆ ಅವಳು ಬದುಕುತ್ತಿದ್ದದ್ದು ಆ ಹೊತ್ತು ಮಾತ್ರ.

ಕಾಲುವೆಯ ನೀರು ಬೆಚ್ಚಗಿದ್ದದ್ದು ದೇವರ ಕೃಪೆಯಿಂದಲ್ಲ, ವಿದ್ಯುತ್ ಸ್ಥಾವರದ ಕೃಪೆಯಿಂದ. ಸ್ಥಾವರ ಕೆರೆಯ ತಣ್ಣೀರನ್ನು ಒಳಗೆಳೆದುಕೊಂಡು, ಕಾದ ಯಂತ್ರಗಳನ್ನು ತಣಿಸಿ, ಬಿಸಿಯಾದ ನೀರನ್ನು ಈ ಕಾಲುವೆಯ ಮೂಲಕ ಮತ್ತೆ ಕೆರೆಗೇ ಬಿಡುತ್ತಿತ್ತು. ಮಂಡಿ ನೋವಿನವರು, ಸೊಂಟ ಹಿಡಿದವರು, ಮನೆಯಲ್ಲಿ ಜಗಳವಾಡಿ ಬಂದವರು, ಎಲ್ಲರೂ ಬೆಳಗಾದರೆ ಅಲ್ಲಿ ಹಾಜರು.

ಬೇಸಿಗೆಯ ಒಂದು ಬೆಳಿಗ್ಗೆ ಜೊತೆಗಾತಿ ಟೈಲರಮ್ಮ ಕುತ್ತಿಗೆಯವರೆಗೆ ನೀರಲ್ಲಿ ಕೂತು ಸುದ್ದಿ ಬಿಚ್ಚಿದಳು. ಇನ್ನು ಮುಂದೆ ಸ್ಥಾವರದವರು ನೀರನ್ನು ದೊಡ್ಡ ಗೋಪುರಗಳಲ್ಲಿ ಆರಿಸಿಯೇ ಕೆರೆಗೆ ಬಿಡಬೇಕಂತೆ. ಈ ಕಾಲುವೆ ಮುಚ್ಚುತ್ತದಂತೆ. ಶಾಲೆಯ ಸಭಾಂಗಣದಲ್ಲಿ ಸಭೆ ಕರೆದು ಜನರ ಅಭಿಪ್ರಾಯ ಕೇಳುತ್ತಾರಂತೆ.

"ಯಾರ ತಲೇಲಿ ಹುಟ್ಟಿತು ಈ ಬುದ್ಧಿ?" ಎಂದಳು ಮೊಸಳೆಯಮ್ಮ.

"ಅದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ನಿನ್ನ ಸೊಸೇನೇ ಕೇಳು."

ಸೊಸೆ ನೀರಿನ ಪರೀಕ್ಷೆ ಮಾಡುವ ಕಚೇರಿಯಲ್ಲಿದ್ದಳು. ದೋಣಿಯಲ್ಲಿ ಹೋಗಿ, ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಕೆರೆಗೆ ಇಳಿಬಿಡುವುದು ಅವಳ ಕೆಲಸ. ನಮ್ಮ ಸೊಸೆ ಕೆರೆಗೆ ಜ್ವರ ನೋಡೋ ಡಾಕ್ಟರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ಮೊಸಳೆಯಮ್ಮನೇ. ಆ ಡಾಕ್ಟರು ಈಗ ಕೆರೆಗೆ ಜ್ವರ ಬಂದಿದೆ ಎಂದು ವರದಿ ಕೊಟ್ಟು ಅತ್ತೆಯ ಬುಡಕ್ಕೇ ನೀರು ತಂದಿದ್ದಳು, ಅದೂ ತಣ್ಣೀರು.

ಅಂದು ಸಂಜೆ ಊಟಕ್ಕೆ ಕೂತಾಗ ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ವಾ ನಿನಗೆ?"

"ಹೇಳೋಕೆ ಹೆದರಿಕೆ ಆಯ್ತು ಅತ್ತೆ."

"ಈ ಮನೇಲಿ ನನಗೆ ಹೆದರೋರೂ ಇದ್ದಾರೆ ಅಂತ ಇವತ್ತೇ ಗೊತ್ತಾಗಿದ್ದು."

ಮಗ ಪಾತ್ರೆ ತೊಳೆಯುವ ನೆಪದಲ್ಲಿ ಜಾಗ ಖಾಲಿ ಮಾಡಿದ. ಅವನಿಗೆ ಪಾತ್ರೆಗಳ ಮೇಲೆ ಪ್ರೀತಿ ಉಕ್ಕುತ್ತಿದ್ದದ್ದು ಇಂಥ ಹೊತ್ತಿನಲ್ಲೇ.

"ಸಭೇಲಿ ನಿನ್ನ ವಿರುದ್ಧವೇ ಮಾತಾಡ್ತೀನಿ, ನೋಡ್ತಿರು," ಎಂದಳು ಅತ್ತೆ.

"ಮಾತಾಡಿ. ಮೈಕ್ ನಾನೇ ತಂದು ಕೈಗೆ ಕೊಡ್ತೀನಿ. ಆದ್ರೆ ಅದಕ್ಕೂ ಮುಂಚೆ ಒಂದು ಸಲ ನನ್ನ ಜೊತೆ ದೋಣೀಲಿ ಬನ್ನಿ."

ಮೊಸಳೆಯಮ್ಮ ಒಪ್ಪಿದಳು. ಥರ್ಮಾಮೀಟರಿನಲ್ಲೇ ಏನಾದರೂ ಹುಳುಕು ಸಿಕ್ಕೀತು ಎಂಬ ಆಸೆ ಅವಳಿಗೆ. ಮರುದಿನ ಸೊಸೆ ಮತ್ತು ದೋಣಿ ನಡೆಸುವವನು ಎರಡೂ ಕಡೆ ತೋಳು ಹಿಡಿದು ಅವಳನ್ನು ಹತ್ತಿಸಿ ಕೂರಿಸಿದರು. ಅವಳಿಗೆ ಥರ್ಮಾಮೀಟರಿನ ಮೇಲೆ ನಂಬಿಕೆಯಿಲ್ಲ, ಕೈಯ ಮೇಲೆ ಇತ್ತು. ಇಸ್ತ್ರಿ ಪೆಟ್ಟಿಗೆ ಎಷ್ಟು ಕಾದಿದೆ ಎಂದು ಹತ್ತಿರ ಹಿಡಿದೇ ಹೇಳುತ್ತಿದ್ದ ಕೈ ಅದು. ಆ ಕೈಯನ್ನು ನೀರಲ್ಲಿ ಅದ್ದಿಯೇ ಕೂತಳು.

"ಬೆಚ್ಚಗಿದೆ," ಎಂದಳು, ಕಾಲುವೆ ಕೆರೆಗೆ ಸೇರುವಲ್ಲಿ, ಖುಷಿಯಿಂದ.

ಕೆರೆಯ ನಡುವಿಗೆ ಬಂದರು. ನೀರು ಹಸಿರಾಗಿ, ಮಂದವಾಗಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು. "ಇಲ್ಲೂ ಬೆಚ್ಚಗೇ ಇದೆಯಲ್ಲೇ!" ಎಂದಳು. ಸೊಸೆ ಸುಮ್ಮನೆ ತಲೆಯಾಡಿಸಿದಳು. ದೋಣಿ ಇನ್ನೂ ಮುಂದೆ ಹೋಯಿತು. ಅಲ್ಲೂ ಹಾಗೇ ಇತ್ತು, ಆದರೆ ಈ ಸಲ ಮೊಸಳೆಯಮ್ಮ ಬಾಯಿ ಬಿಡಲಿಲ್ಲ.

ಆಚೆ ದಡದ ಒಂದು ಮೂಲೆಯಲ್ಲಿ, ಮರದ ನೆರಳಿನ ಕೆಳಗೆ, ಸಣ್ಣದೊಂದು ಹಳ್ಳ ಕೆರೆಗೆ ಬಂದು ಸೇರುತ್ತಿತ್ತು. ಅಲ್ಲಿ ಕೈಗೆ ತಣ್ಣನೆಯ ನೀರು ತಾಗಿತು. ಬಗ್ಗಿ ನೋಡಿದರೆ ನೀರು ಕಾಣಿಸದಷ್ಟು ಮೀನು. ಒಂದರ ಮೇಲೊಂದು ಬಿದ್ದುಕೊಂಡು, ಬಾಯಿ ಮೇಲೆತ್ತಿ, ಗುಳುಕ್ ಗುಳುಕ್ ಎಂದು ಉಸಿರಿಗೆ ಒದ್ದಾಡುತ್ತಿದ್ದವು.

"ಇಷ್ಟು ದೊಡ್ಡ ಕೆರೆ ಇಟ್ಕೊಂಡು ಈ ಮೂಲೇಲಿ ಏನು ಇವಕ್ಕೆ ಕೆಲಸ?"

"ಬಿಸಿ ನೀರಲ್ಲಿ ಉಸಿರಾಡೋ ಗಾಳಿ ಕಡಿಮೆ ಅತ್ತೆ. ತಣ್ಣೀರು ಇರೋದು ಇಲ್ಲಿ ಮಾತ್ರ. ಬೇಸಿಗೆ ಬಂತು ಅಂದ್ರೆ ಎಲ್ಲಾ ಇಲ್ಲಿಗೇ ಓಡಿ ಬರ್ತವೆ. ಹೋದ ವರ್ಷ ಜಾಗ ಸಾಲಲಿಲ್ಲ."

ಜಾಗ ಸಾಲದೆ ಏನಾಯಿತೆಂದು ಅತ್ತೆ ಕೇಳಲಿಲ್ಲ. ಅವಳಿಗೆ ಲಾಂಡ್ರಿಯ ಕೋಣೆ ಕಣ್ಣಿಗೆ ಬಂದಿತ್ತು. ಬೇಸಿಗೆಯಲ್ಲಿ ಸುತ್ತ ಇಸ್ತ್ರಿ ಪೆಟ್ಟಿಗೆಗಳು ಕಾದು, ಬಟ್ಟೆಯ ಹಬೆ ಮುಖಕ್ಕೆ ಹೊಡೆದು, ತಲೆ ತಿರುಗುವಾಗ ಹೆಂಗಸರೆಲ್ಲ ಒಂದೇ ಒಂದು ಕಿಟಕಿಗೆ ಮುಗಿಬೀಳುತ್ತಿದ್ದರು. ಅವಳೂ ಪಕ್ಕದವಳನ್ನು ಮೊಣಕೈಯಿಂದ ತಳ್ಳಿ ಮುಖ ಹೊರಗೆ ಹಾಕಿದವಳೇ. ಮೀನಿನ ಬಾಯಿಗಳನ್ನು ನೋಡುತ್ತ ಅವಳಿಗೆ ಅಯ್ಯೋ ಅನ್ನಿಸಿತು. ಜೊತೆಗೆ ಸೊಸೆಯ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು.

"ಇದನ್ನೆಲ್ಲ ನನಗ್ಯಾಕೆ ತೋರಿಸಿದೆ? ನನ್ನ ಪಾಡಿಗೆ ನಾನು ನೆಮ್ಮದಿಯಾಗಿದ್ದೆ."



ಸಭೆಯ ದಿನ ಟೈಲರಮ್ಮ ಕಾಲುವೆಯ ಗುಂಪನ್ನೆಲ್ಲ ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಠಿಕಾಣಿ ಹೂಡಿದಳು. ಮೊಸಳೆಯಮ್ಮನ ಸರದಿ ಬಂದಾಗ ಸೊಸೆ, ಮಾತು ಕೊಟ್ಟಂತೆ, ಮೈಕ್ ತಂದು ಕೈಗಿತ್ತಳು.

"ಕಾಲುವೆ ಉಳಿಸಿ ಅಂತ ಹೇಳೋಕೆ ಇವರೆಲ್ಲ ನನ್ನನ್ನ ಎಬ್ಬಿಸಿದ್ದಾರೆ," ಎಂದು ಶುರು ಮಾಡಿದಳು ಮೊಸಳೆಯಮ್ಮ. "ಆ ನೀರಲ್ಲಿ ಎಷ್ಟು ಸುಖ ಇದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದ್ರೆ ಒಂದು ಕೇಳ್ತೀನಿ. ಯಾರಾದ್ರೂ ನಮಗೆ ಉಪಕಾರ ಮಾಡಿದ್ರೆ ಏನಂತ ಹರಸ್ತೀವಿ? ನಿನ್ನ ಹೊಟ್ಟೆ ತಣ್ಣಗಿರಲಿ ಅಂತೀವಿ. ನಿನ್ನ ಹೊಟ್ಟೆ ಬಿಸಿಯಾಗಿರಲಿ ಅಂತ ಯಾರೂ ಹರಸಿದ್ದು ನಾನಂತೂ ಕೇಳಿಲ್ಲ. ಇಷ್ಟು ವರ್ಷ ನನ್ನ ಮಂಡೀನ ಸಾಕಿದ್ದು ಆ ಕೆರೆ. ಅದರ ಹೊಟ್ಟೆ ತಣ್ಣಗಿರಲಿ. ಕಾಲುವೆ ಮುಚ್ಚಿಬಿಡಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಟೈಲರಮ್ಮ ಮುಖ ತಿರುಗಿಸಿದಳು.

"ಮತ್ತೆ ನಿಮ್ಮ ಮಂಡಿ ಗತಿ ಏನಮ್ಮಾ?" ಎಂದು ಸಭೆ ನಡೆಸುತ್ತಿದ್ದ ಅಧಿಕಾರಿ ಕೇಳಿದ.

"ಮನೇಲಿ ಒಲೆ ಇಲ್ವಾ? ನೀರು ಕಾಯಿಸ್ಕೊಳ್ತೀನಿ."

ಜನ ನಕ್ಕರು, ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಮೊಸಳೆಯಮ್ಮ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಕೂತಳು.

ಗೋಪುರಗಳು ಎದ್ದವು, ಕಾಲುವೆ ಒಣಗಿತು. ನೀರು ನಿಂತ ದಿನ ಸೊಸೆ ಕಚೇರಿಯಿಂದ ಬೇಗ ಬಂದು, ದೊಡ್ಡ ಬಕೆಟ್ಟಿನಲ್ಲಿ ಹದವಾದ ಬಿಸಿನೀರು ತಂದು ಅತ್ತೆಯ ಮುಂದಿಟ್ಟಳು. ಅತ್ತೆ ಎರಡೂ ಪಾದ ಇಳಿಬಿಟ್ಟಳು. ನೀರು ಮೊಣಕಾಲಿನವರೆಗೂ ಬರಲಿಲ್ಲ. ಸೊಸೆ ಚೊಂಬಿನಲ್ಲಿ ತುಂಬಿ ತುಂಬಿ ಮಂಡಿಯ ಮೇಲೆ ಸುರಿದಳು.

"ಹಿತವಾಗಿದೆಯಾ ಅತ್ತೆ?"

"ಹಿತವಾಗಿದೆ," ಎಂದಳು ಅತ್ತೆ. ಬಕೆಟ್ಟಿನೊಳಗೆ ಪಾದ ಆಡಿಸುತ್ತ, "ನಾನು ಅಲ್ಲಿ ಓಡ್ತಿದ್ದೆ, ಗೊತ್ತಾ ನಿನಗೆ?" ಎಂದಳು.

"ಓಡ್ತಿದ್ರಾ?"

"ಯಾರೂ ನೋಡದೆ ಇದ್ದಾಗ. ಎದೆಮಟ್ಟ ನೀರಲ್ಲಿ, ಈ ದಡದಿಂದ ಆ ದಡಕ್ಕೆ. ಸಣ್ಣ ಹುಡುಗೀರ ಹಾಗೆ. ನಿನ್ನ ಗಂಡನಿಗೂ ಹೇಳಿಲ್ಲ." ಅವಳು ಬಗ್ಗಿ ತನ್ನ ಪಾದಗಳನ್ನು ನೋಡಿದಳು. "ಬಕೆಟ್ಟಲ್ಲಿ ಓಡೋಕಾಗುತ್ತೇನೇ?"

ಸೊಸೆ ಚೊಂಬು ಕೆಳಗಿಟ್ಟು, ಅತ್ತೆಯ ಒದ್ದೆ ಮಂಡಿಗಳ ಮೇಲೆ ತಲೆಯಿಟ್ಟು ಅತ್ತಳು.