ಒಸಾಕಾದ ಹಾಳೆಗಳು

ಫ್ರೆಡ್ಡಿ ಇನ್ನೊಂದು ಹಾಳೆ ಮುದುಡಿ ಶವಪೆಟ್ಟಿಗೆಯಲ್ಲಿದ್ದ ಸಿರಿಲ್‌ನ ಹೆಗಲಿನ ಬದಿಗೆ ತುರುಕಿದ.

"ಕಾಲಿನ ಹತ್ರ ಇನ್ನೂ ಜಾಗ ಉಂಟು," ಎಂದ ಸಂಕಪ್ಪ. "ವಿಮಾನ ಓರೆಯಾದ್ರೆ ಸಿರಿಲ್ ಪೊರ್ಬು ಜಾರಿ ಹೋಗ್ತಾರೆ."

"ಹಡಗಿನಲ್ಲಿ ಸಾಮಾನು ಅಲುಗಬಾರದು ಅಂತ ಕಲಿಸಿದ್ದೇ ಇವ. ಇವನನ್ನೇ ಸಡಿಲ ಕಳಿಸಿದ್ರೆ ಮೇಲಿಂದ ಬೈತಾನೆ."

ಇಬ್ಬರೂ ಮಸ್ಕತ್ತಿನ ಹಡಗು ರಿಪೇರಿ ಯಾರ್ಡಿನಲ್ಲಿ ಸಿರಿಲ್‌ನ ಕೈಕೆಳಗೆ ದುಡಿದವರು. ಯಾರ್ಡಿನ ಹಳೆಯ ಡ್ರಾಯಿಂಗ್ ಹಾಳೆಗಳು ದಪ್ಪಗಿದ್ದವು. ರಟ್ಟಿನ ಡಬ್ಬ ಖಾಲಿಯಾದ ಮೇಲೆ ಫ್ರೆಡ್ಡಿ ಶವದ ಹೆಗಲನ್ನು ಮೆಲ್ಲಗೆ ಅಲುಗಿಸಿ ನೋಡಿದ. "ಯಲ್ಲಾ ನೌಶಾದ್, ಮುಚ್ಚು."

ಶವಾಗಾರದ ನೌಶಾದ್ ಪೆಟ್ಟಿಗೆಯ ತಗಡಿನ ಮುಚ್ಚಳದ ಅಂಚಿಗೆ ಬೆಸುಗೆ ಹಾಕಿದ.

* * *

ಹಿಂದೊಮ್ಮೆ ಗುಜರಿಗೆ ಬಂದ ಎಂಜಿನ್ನೊಂದರ ಹಿತ್ತಾಳೆ ಫಲಕದಲ್ಲಿ ಒಸಾಕಾದ ಹಡಗು ಕಾರ್ಖಾನೆಯೊಂದರ ಹೆಸರಿತ್ತು. ಆ ಕಾರ್ಖಾನೆಯನ್ನು 1881ರಲ್ಲಿ ಕಟ್ಟಿದವನು ಜಪಾನಿನವನಲ್ಲ, ಐರ್ಲೆಂಡಿನ ಹಂಟರ್ ಎಂದು ತಿಳಿದ ದಿನ ಸಿರಿಲ್ ಊಟ ಮರೆತಿದ್ದ. ಆಮೇಲೆ ಹತ್ತೊಂಬತ್ತು ವರ್ಷಗಳ ರಜೆಯ ಶುಕ್ರವಾರಗಳೆಲ್ಲ ಅದರ ಚರಿತ್ರೆಗೇ ಹೋದವು. ಯಾರ್ಡು ಎಸೆದ ಡ್ರಾಯಿಂಗ್‌ಗಳ ಬೆನ್ನಿಗೆ ಬರೆಯುತ್ತಿದ್ದ.

"ಹಂಟರನ ಹೆಸರು ಎಲ್ಲಾ ಕಡೆ ಉಂಟು," ಎಂದಿದ್ದ ಮಗಳು ಓಲಿವಿಯಾಳಿಗೆ. "ರಿವೆಟ್ ಹೊಡೆದವರದ್ದು ಹುಡುಕಿ ಸಾಕಾಯ್ತು. ಒಂದೂ ಸಿಗ್ಲಿಲ್ಲ."

ಅದಕ್ಕೇ ಕೊನೆಯ ಅಧ್ಯಾಯದಲ್ಲಿ ತನ್ನ ಯಾರ್ಡಿನವರನ್ನು ಬರೆದ. ಫ್ರೆಡ್ಡಿಯ ಸುಟ್ಟ ಹೆಬ್ಬೆರಳು, ಟ್ಯಾಂಕಿನೊಳಗೆ ಕೂತು ಸಂಕಪ್ಪ ಹೇಳುತ್ತಿದ್ದ ತುಳು ಪಾಡ್ದನದ ಹಾಡು, ಎಲ್ಲ.

"ಹಾಳೆಗಳ ಫೋಟೋ ತೆಗೆದಿಡ್ಲಾ ಪಪ್ಪಾ?"

"ಮುಗೀಲಿ. ಅರ್ಧ ಕಟ್ಟಿದ ಹಡಗನ್ನು ನೀರಿಗೆ ಬಿಡ್ತಾರಾ?"

ಕಳೆದ ವಾರ ಮುಗಿದಿತ್ತು. ಮಂಗಳೂರಿನ ಪ್ರೆಸ್ಸಿಗೆ ತಾನೇ ತಲುಪಿಸುತ್ತೇನೆಂದು ಆಸ್ಪತ್ರೆಯಲ್ಲಿ ಓಲಿವಿಯಾ ಅವನಿಗೆ ಮಾತು ಕೊಟ್ಟಿದ್ದಳು.

* * *

ಪೊಲೀಸ್ ಕಾಗದಕ್ಕೆ ಸಹಿ ಹಾಕಿ ಓಲಿವಿಯಾ ಬಂದಾಗ ಖಾಲಿ ಡಬ್ಬ ಗೋಡೆಗೆ ಒರಗಿತ್ತು.

"ಫ್ರೆಡ್ಡಿ ಅಂಕಲ್, ಇದರಲ್ಲಿದ್ದದ್ದು?"

"ವ್ಯಾನಿಗೆ ಹಾಕ್ಲಿಕ್ಕೆ ನೀನೇ ಹೇಳಿದ್ದಲ್ವಾ? ಪಪ್ಪನಿಗೆ ಒತ್ತು ಕೊಡ್ಲಿಕ್ಕೆ ಅಂತ ಗ್ರಹಿಸಿದೆ. ಸರೀ ಸಾಕಾಯ್ತು ನೋಡು."

ಅವಳು ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟಳು. ಬೆಸುಗೆ ಇನ್ನೂ ಬಿಸಿಯಿತ್ತು.

"ಸೀಲ್ ಆಯ್ತು, ಖಲಾಸ್," ಎಂದ ನೌಶಾದ್. "ಇನ್ನು ತೆಗೆದ್ರೆ ಇವತ್ತು ಬಾಡಿ ಹೋಗುದಿಲ್ಲ."

ಫ್ರೆಡ್ಡಿಯ ಮುಖ ಇಳಿಯಿತು. "ಯಾಕೆ ಬಾಯೇ, ಮಗಳೇ? ಬೇಕಾದ್ದಿತ್ತಾ?"

ಓಲಿವಿಯಾ ಅವನ ಸುಟ್ಟ ಹೆಬ್ಬೆರಳನ್ನು ನೋಡಿದಳು.

"ಇಲ್ಲ ಅಂಕಲ್. ಹಳೇ ಪೇಪರ್."

ವ್ಯಾನಿನಲ್ಲಿ ಅವಳು ಪೆಟ್ಟಿಗೆಯ ಪಕ್ಕ ಕೂತಳು. ವಿಮಾನ ನಿಲ್ದಾಣದ ದಾರಿಯಲ್ಲಿ ಅಜೈಬಾದ ರಸ್ತೆಯುಬ್ಬು ಬಂದಾಗ ವ್ಯಾನು ಎಲ್ಲರನ್ನೂ ಎತ್ತಿ ಹಾಕಿತು. ಅವಳು ಬಗ್ಗಿ ಮುಚ್ಚಳಕ್ಕೆ ಕಿವಿಯಿಟ್ಟಳು. ಇನ್ನೊಂದು ಉಬ್ಬು ಬಂತು.

ಒಳಗೆ ಏನೂ ಅಲುಗಲಿಲ್ಲ.