ವಕಾಲತ್ತಿನಲ್ಲಿ ಇಲ್ಲದ ಹೆಸರು

ನನ್ನ ಸೀನಿಯರ್ ಮಹಾಲಿಂಗಪ್ಪನವರು ಕೋರ್ಟಿನಲ್ಲಿ ಹೇಳದ ಸುಳ್ಳಿಲ್ಲ. ಸತ್ತುಹೋದ ಸಾಕ್ಷಿಗೆ ಜ್ವರ ಅಂದಿದ್ದಾರೆ. ತಮಗಿಲ್ಲದ ಬೆನ್ನುನೋವಿನ ಹೆಸರಲ್ಲಿ ನನ್ನ ಬಾಯಿಂದ ವಾಯಿದೆ ಕೇಳಿಸಿದ್ದಾರೆ. ಇಂಥವರಿಗೆ ಇದ್ದಕ್ಕಿದ್ದಂತೆ ಸತ್ಯದ ಮೇಲೆ ಪ್ರೀತಿ ಉಕ್ಕಿದ್ದು, ನಾನು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಅಂದ ದಿನ.

ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆ ಅದು. ಕ್ರಿಮಿನಲ್ ಕೋರ್ಟಿನಲ್ಲಿ ಸರ್ಕಾರದ ಪರ ನಿಲ್ಲುವ ವಕೀಲರಿಗೆ ಮೊದಲ ಮೆಟ್ಟಿಲು. ಅದಕ್ಕೆ ಅರ್ಜಿ ಕರೆಯುವುದು ಯಾವಾಗಲೋ ಒಮ್ಮೆ. ಪೀಣ್ಯದ ಕಂಪನಿಯೊಂದರಲ್ಲಿ ಬಿಲ್ಲು ಬರೆಯುತ್ತ, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವಳು ನಾನು. ಮುಂದಿನ ಸಲ ಕರೆಯುವ ಹೊತ್ತಿಗೆ ನನ್ನ ವಯಸ್ಸು ದಾಟಿರುತ್ತದೆ. ಮೂರು ವರ್ಷ ವಕೀಲಿ ಮಾಡಿರಬೇಕು ಅನ್ನುವುದು ಷರತ್ತು. ಮಾಡಿದ್ದೆ. ಅದನ್ನು ಸೀನಿಯರ್ ಬರೆದುಕೊಡಬೇಕಿತ್ತು, ಜೊತೆಗೆ ನಡೆಸಿದ ಕೇಸುಗಳ ವಕಾಲತ್ತಿನ ಪ್ರತಿ ಇಡಬೇಕಿತ್ತು.

"ಯಾವ ವಕಾಲತ್ತಲ್ಲಿ ನಿನ್ನ ಹೆಸರಿದೆ ತೋರ್ಸಮ್ಮ ಪದ್ಮಶ್ರೀ, ಈಗ್ಲೇ ಬರ್ಕೊಡ್ತೀನಿ," ಅಂದರು ಮಹಾಲಿಂಗಪ್ಪ, ಆರ್.ಟಿ. ನಗರದ ಆಫೀಸಿನಲ್ಲಿ ಕಾಫಿ ಆರಿಸಿಕೊಳ್ಳುತ್ತ. "ದಾಖಲೆ ಇಲ್ದೆ ಸುಳ್ಳು ಹೆಂಗ್ ಬರೀಲಿ ಹೇಳು. ಇನ್ನೊಂದೆರಡು ವರ್ಷ ಇರು, ನೋಡೋಣ."

ಕಕ್ಷಿದಾರರು ತಮ್ಮ ವಕೀಲರು ಇಂಥವರು ಎಂದು ಸಹಿ ಹಾಕಿಕೊಡುವ ಕಾಗದವೇ ವಕಾಲತ್ತು. ಆ ಆಫೀಸಿನ ಅಷ್ಟೂ ವಕಾಲತ್ತುಗಳನ್ನು ತುಂಬಿದವಳು ನಾನೇ. ವಕೀಲರ ಹೆಸರಿನ ಜಾಗದಲ್ಲಿ ನನ್ನ ಕೈಯಾರೆ 'ಮಹಾಲಿಂಗಪ್ಪ' ಎಂದು ಬರೆದೆ. ಕೆಳಗೆ ನನ್ನದೂ ಒಂದು ಹೆಸರು ಸೇರಿಸಲೇ ಎಂದು ಒಂದು ದಿನವೂ ಕೇಳಲಿಲ್ಲ. ಜೂನಿಯರ್ ಹಾಗೆಲ್ಲ ಕೇಳಿದರೆ ಕಕ್ಷಿದಾರರಿಗೆ ಗಾಳ ಹಾಕುತ್ತಿದ್ದಾಳೆ ಅಂತ ಅರ್ಥವಂತೆ.

ಅದಕ್ಕೂ ಮೊದಲು ನಮ್ಮಪ್ಪ ಇನ್ನೊಂದು ಘನಕಾರ್ಯ ಮಾಡಿದ್ದ. ನಮ್ಮದು ಯಲಹಂಕದ ಪುಟ್ಟೇನಹಳ್ಳಿ, ಅಲ್ಲಿ ಬಡಾವಣೆಗಳಾಗುವ ಮುಂಚಿನಿಂದ ಇರುವ ಮನೆತನ. ಸೀನಿಯರ್ ಹತ್ತಿರ ಸೇರಿಸಲು ಬಂದ ಅಪ್ಪ ಮುನಿಆಂಜಿನಪ್ಪ, ತಟ್ಟೆಯಲ್ಲಿ ಹಣ್ಣು, ಎಲೆಯಡಿಕೆ ಇಟ್ಟು ಕೈಮುಗಿದು, "ಸ್ವಾಮಿ, ನಮ್ಮುಡ್ಗೀನ ನಿಮ್ಮನೆ ಮಗ್ಳು ಅನ್ಕಳಿ," ಅಂದ. ಅವರು ಥಟ್ಟನೆ ಹಾಗೆಯೇ ಅಂದುಕೊಂಡರು. ಮನೆಮಗಳಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಅವರ ಮೊಮ್ಮಗನನ್ನು ಶಾಲೆಯಿಂದ ಕರೆತಂದೆ, ಅವರ ಮನೆಯ ಕರೆಂಟ್ ಬಿಲ್ಲು ಕಟ್ಟಿದೆ. ಕೋರ್ಟಿನಲ್ಲಿ ಜಡ್ಜ್ "ಯಾರ ಪರ?" ಅಂದರೆ, "ಮಹಾಲಿಂಗಪ್ಪನವರ ಪರ, ಸಾರ್," ಅನ್ನುತ್ತಿದ್ದೆ. ಕಕ್ಷಿದಾರರ ಪರ ಅಂತ ಬಾಯಿಗೇ ಬರುತ್ತಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅರ್ಜಿಯ ಕಡೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಫೋನು ಮಾಡಿದೆ. ಅವರು ನೆಂಟರ ಮದುವೆಯಲ್ಲಿದ್ದರು, ಹಿಂದೆ ವಾಲಗ ಕೇಳುತ್ತಿತ್ತು. "ಅದೆಲ್ಲ ಆಮೇಲೆ. ಕುಲ್ಸುಮ್ ಕೇಸಿದೆ ಇವತ್ತು, ಬೆನ್ನುನೋವು ಅಂತ ಹೇಳಿ ಡೇಟ್ ತಗೊಂಡ್ಬಾ," ಎಂದು ಇಟ್ಟುಬಿಟ್ಟರು. ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತುಹೋಗಿದ್ದ ಬಸ್ಸಿನಲ್ಲಿ ಕೂತು ಹಲ್ಲು ಕಡಿದೆ.

ಕುಲ್ಸುಮ್ ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸು. ಮನೆಗೆ ಹೋಗಲು ಇದ್ದದ್ದು ಒಂದೇ ಓಣಿ. ಅದು ತನ್ನದು, ಈಕೆ ಅಲ್ಲಿ ಓಡಾಡಕೂಡದು ಎಂದು ಪಕ್ಕದ ಮನೆಯವನು ದಾವೆ ಹೂಡಿದ್ದ. ಅವನ ಸಾಕ್ಷ್ಯ ಮುಗಿದು ನಮ್ಮ ಪಾಟೀಸವಾಲು ಬಾಕಿಯಿತ್ತು. ನಾನು ವಾಯಿದೆ ಕೇಳಿ ಕೇಳಿ ಜಡ್ಜ್‌ಗೂ ಸಾಕಾಗಿತ್ತು.

ಕೇಸು ಕೂಗಿದರು. ಎದ್ದು ನಿಂತೆ.

"ಇದು ಕೊನೇ ಅವಕಾಶ ಅಂತ ಹೋದ್ ಸಲಾನೇ ಹೇಳಿದ್ದೆ," ಅಂದರು ಜಡ್ಜ್. "ಕ್ರಾಸ್ ಮಾಡ್ತೀರೋ, ಇಲ್ಲ ಅಂತ ಬರ್ಕೊಳ್ಲೋ?"

ಇಲ್ಲ ಅಂತ ಬರೆದುಕೊಂಡರೆ ಪಕ್ಕದ ಮನೆಯವನು ಹೇಳಿದ್ದೆಲ್ಲ ಹಾಗೇ ಉಳಿಯುತ್ತದೆ, ಕುಲ್ಸುಮ್ ಓಣಿ ಕಳೆದುಕೊಳ್ಳುತ್ತಾಳೆ. ಹಿಂದಿನ ಬೆಂಚಿನಿಂದ ಆಕೆ ನನ್ನನ್ನೇ ನೋಡುತ್ತಿದ್ದಳು. ಬೆನ್ನುನೋವು ಅನ್ನುವ ಮಾತು ನನ್ನ ನಾಲಿಗೆಯ ಮೇಲೆ ಬರಲೇ ಇಲ್ಲ.

"ಸಾರ್, ಈ ಕೇಸಲ್ಲಿ ನನ್ನ ವಕಾಲತ್ತಿಲ್ಲ," ಅಂದೆ. "ಸ್ವಲ್ಪ ಹೊತ್ತು ಕೊಟ್ರೆ ಹಾಕಿ, ನಾನೇ ಕ್ರಾಸ್ ಮಾಡ್ತೀನಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಇಷ್ಟು ದಿನ ಮತ್ತೆ ಏನಾಗಿ ನಿಂತಿದ್ರಿ ಇಲ್ಲಿ?" ಅಂದು, ಊಟದ ನಂತರಕ್ಕೆ ಇಟ್ಟರು.

ಹೊರಗೆ ಹೋಗಿ ಒಂದು ಖಾಲಿ ವಕಾಲತ್ತು ಫಾರಂ ಕೊಂಡೆ. ವರಾಂಡದ ಕಟ್ಟೆಯ ಮೇಲೆ ಇಟ್ಟುಕೊಂಡು ವಕೀಲರ ಹೆಸರಿನ ಜಾಗದಲ್ಲಿ 'ಪದ್ಮಶ್ರೀ' ಎಂದು ಬರೆದೆ.

"ದೊಡ್ಡ ವಕೀಲ್ರು ಬೈಯಲ್ವಾ ಮೇಡಂ?" ಅಂದಳು ಕುಲ್ಸುಮ್.

"ಬೈತಾರೆ. ಆಫೀಸಿಂದ ಓಡಿಸ್ತಾರೆ. ನೀವು ಸೈನ್ ಹಾಕಿ."

ಆಕೆ ಹಾಕಿದಳು.

ಪಕ್ಕದ ಮನೆಯವನು ಕಟಕಟೆಗೆ ಬಂದು ಗತ್ತಿನಿಂದ ನಿಂತ. ಅವನ ದಾವೆಗೆ ಕುಲ್ಸುಮ್ ಪರ ಉತ್ತರ ಬರೆದವಳು ನಾನು, ಆ ಓಣಿಯನ್ನು ನಡೆದು ನೋಡಿ ಬಂದವಳೂ ನಾನು.

"ನಿಮ್ಮ ಮನೆ ಗೃಹಪ್ರವೇಶಕ್ಕೆ ಕುಲ್ಸುಮ್ ಅವ್ರನ್ನ ಕರೆದಿದ್ರಾ?"

"ಕರೀದೇ ಇರ್ತೀವಾ? ಅಕ್ಕಪಕ್ಕದೋರು."

"ಬಂದಿದ್ರಾ?"

"ಬಂದು ಊಟಾನೂ ಮಾಡ್ಕೊಂಡು ಹೋದ್ರು."

"ಅವ್ರ ಮನೆಯಿಂದ ಯಾವ ದಾರೀಲಿ ಬಂದ್ರು?"

"ಅವ್ರ ಓಣೀಲೇ. ಇನ್ನೆಲ್ಲಿಂದ ಬರ್ತಾರೆ?"

ಅವನ ವಕೀಲರು ಪೆನ್ನು ಕೆಳಗಿಟ್ಟರು. ಜಡ್ಜ್ 'ಅವ್ರ ಓಣಿ' ಅನ್ನುವ ಮಾತನ್ನು ಅವನು ಹೇಳಿದಂತೆಯೇ ಟೈಪಿಸ್ಟಿಗೆ ಬರೆಸಿದರು. ಇಷ್ಟೇ ಕೆಲಸಕ್ಕೆ ಒಬ್ಬ ಹೆಂಗಸನ್ನು ಅಷ್ಟೊಂದು ಸಲ ಅಲೆಸಿದೆವಲ್ಲ. ಮಹಾಲಿಂಗಪ್ಪನವರ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ತಿರುಗಿತು.

ಇನ್ನೂ ಕೆಲವು ಪ್ರಶ್ನೆ ಕೇಳಿ ಮುಗಿಸಿದಾಗ ಅರ್ಜಿಯ ಹೊತ್ತು ಮೀರಿತ್ತು. ಮೊಬೈಲು ಬ್ಯಾಗಿನಲ್ಲಿ ಗುಂಯ್ ಅನ್ನುತ್ತಲೇ ಇತ್ತು. ಯಾರೋ ಮದುವೆಮನೆಗೆ ಸುದ್ದಿ ಮುಟ್ಟಿಸಿರಬೇಕು.

ಜಡ್ಜ್ ಫೈಲು ಮಡಚುತ್ತ, "ಚೆನ್ನಾಗಿ ಮಾಡಿದ್ರಮ್ಮ. ಎಷ್ಟು ವರ್ಷ ಆಯ್ತು ಪ್ರಾಕ್ಟೀಸು?" ಅಂದರು.

"ಇವತ್ತು ಶುರುವಾಯ್ತು, ಸಾರ್," ಅಂದೆ.

ಕೋರ್ಟ್ ಹಾಲಿನಲ್ಲಿ ಎಲ್ಲರೂ ನಕ್ಕರು. ಜಡ್ಜ್ ಕೂಡ ನಕ್ಕರು. ನಾನು ನಗಲಿಲ್ಲ.